ತಿಪ್ಪಸಂದ್ರದ ಮಣ್ಣು ಉಕ್ಕಿದ ಸಂಗತಿ

ಬೆಂಗಳೂರು,
ಮಾರ್ಚಿ ೧೨, ೧೯೨೮

ತಿಪ್ಪಸಂದ್ರದ ಶ್ರೀಮಾನ್ ಬೋರಲಿಂಗಯ್ಯನವರ ಸನ್ನಿಧಿಗೆ, ಕೈಲಾಂಚದ ಗಂಗಹನುಮಯ್ಯ ತಲೆ ತಗ್ಗಿಸಿ ಮಾಡುವ ನಮಸ್ಕಾರಗಳು.

ಮೊದಲು ‘ಮಾವನವರಿಗೆ’ ಎಂದೇ ಬರೆದಿದ್ದೆ. ಹೋದ ಸೋಮವಾರ ನಿಮ್ಮ ಅಡುಗೆಮನೆಯಲ್ಲಿ ಆದದ್ದು ನೆನಪಾಗಿ ಹೊಡೆದುಹಾಕಿದೆ.

ಹೆಣ್ಣು ನೋಡಲು ಬಂದವನು ಕೊಟ್ಟ ತಿಂಡಿ ತಿಂದು ತೆಪ್ಪಗೆ ಎದ್ದು ಬರಬೇಕಾಗಿತ್ತು. “ಮಣ್ ಪರೀಕ್ಷೆ ಅಂದ್ರೆ ಏನ್ ಮಾಡೀಯಪ್ಪಾ?” ಎಂದು ನೀವು ಕೇಳಿದಿರಿ. ಬಾಗಿಲ ಮರೆಯಲ್ಲಿ ನಿಮ್ಮ ಮಗಳು ಕಾವೇರಮ್ಮ ನಿಂತಿದ್ದಳು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು.

ಮಣ್ಣಿನಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ಅಳೆಯುವ ಮುಂಚೆ ಅದರಲ್ಲಿ ಬೆರೆತ ಗೊಬ್ಬರ, ಕೊಳೆತ ಬೇರು ಎಲ್ಲವನ್ನೂ ಕಳೆಯಬೇಕು. ಅದಕ್ಕೆ ಪೆರಾಕ್ಸೈಡ್ ಎಂಬ ದ್ರವ ಸುರಿದು ಬಿಸಿ ಮಾಡುತ್ತೇವೆ. ನಮ್ಮ ರಸಾಯನಶಾಲೆಯಲ್ಲಿ ಒಂದು ಚಮಚ ಮಣ್ಣು ಸಾಕು. ಅವತ್ತು ಜಂಬಕ್ಕೆ ಎರಡು ಬೊಗಸೆ ನಿಮ್ಮ ಹೊಲದ ಮಣ್ಣನ್ನು ಸಾರಿನ ಮಡಕೆಗೇ ಹಾಕಿ, ಚೀಲದಲ್ಲಿ ತಂದಿದ್ದ ಪೆರಾಕ್ಸೈಡಿನ ಸೀಸೆ ಬಗ್ಗಿಸಿ, ಒಲೆಯ ಮೇಲಿಟ್ಟೆ. ನೊರೆ ಬುಸಬುಸನೆ ಉಕ್ಕಿ ಒಲೆಯೇ ಆರಿಹೋಯಿತು. “ಅಯ್ಯಯ್ಯೋ, ಉರಿಯೋ ಒಲೆಗೆ ಮಣ್ ಹಾಕ್ಬುಟ್ನಲ್ಲಪ್ಪೋ!” ಎಂದು ನಿಮ್ಮ ಮನೆಯಾಕೆ ಬೋರಮ್ಮನವರು ಎದೆ ಬಡಿದುಕೊಂಡರು. ನೀವು ಮಡಕೆಯೊಳಗೆ ಇಣುಕಿದಿರಿ. ಕಪ್ಪು ಬಣ್ಣವೆಲ್ಲ ಹೋಗಿ ಇಟ್ಟಿಗೆ ಪುಡಿಯಂಥ ಕೆಂಪು ಮಣ್ಣು ಉಳಿದಿತ್ತು.

“ಮೂರ್ ತಲೆಮಾರು ಗೊಬ್ರ ಹೊತ್ತು ಕಪ್ ಮಾಡಿದ್ ಮಣ್ಣು ಕಣಯ್ಯ! ಒಂದ್ ಗಳಿಗೇಲಿ ತೊಳ್ದ್ಬುಟ್ಯಲ್ಲಾ! ನಿನ್ ಕೈಗೆ ನನ್ ಮಗಳ್ನ ಕೊಡಾದಾ?” ಎಂದು ಗುಡುಗಿದಿರಿ.

ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಓಡುವಾಗಲೂ ಆ ಹೊಲದ ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಇಲ್ಲಿ ಸರಿಯಾದ ಅಳತೆಯಲ್ಲಿ ಪರೀಕ್ಷಿಸಿದೆ. ಗೊಬ್ಬರ ಹೆಚ್ಚಿದ್ದಷ್ಟೂ ನೊರೆ ಹೆಚ್ಚು; ಏಳು ಸಲ ಸುರಿದ ಮೇಲೆ ನೊರೆ ನಿಂತಿತು. ಮಾಗಡಿ, ಕನಕಪುರ, ಚನ್ನಪಟ್ಟಣಗಳಿಂದ ಬಂದ ನಲವತ್ತು ಮಣ್ಣುಗಳಲ್ಲಿ ಇಷ್ಟು ಸಾರವಿದ್ದದ್ದು ಇನ್ನೊಂದಿಲ್ಲ. ಪಕ್ಕದ ಬಟ್ಟಲಲ್ಲಿ ನಮ್ಮ ಅಪ್ಪನ ಹೊಲದ ಮಣ್ಣಿತ್ತು. ನಾಲ್ಕು ಗುಳ್ಳೆ ಎದ್ದು ಸುಮ್ಮನಾಯಿತು. ನನಗೆ ಬಹಳ ನಾಚಿಕೆಯಾಯಿತು.

ಆದ್ದರಿಂದ ನಿಜ ಹೇಳಿಬಿಡುತ್ತೇನೆ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ತಿಪ್ಪೆ ನೋಡಬೇಕೆಂದು ನೀವು ಕೈಲಾಂಚಕ್ಕೆ ಬಂದಿರಲ್ಲ, ಆಳೆತ್ತರ ಇದೆಯೆಂದು ಮೆಚ್ಚಿದಿರಲ್ಲ, ಆ ತಿಪ್ಪೆ ನಮ್ಮದಲ್ಲ. ಪಕ್ಕದ ಮನೆಯ ಪೀರ್ ಸಾಬರದು. ಅಪ್ಪ ಅತ್ತ ಕೈ ತೋರಿಸಿದರು, ಸಾಬರು ದಾಕ್ಷಿಣ್ಯಕ್ಕೆ ಸುಮ್ಮನಿದ್ದರು.

ಇನ್ನು ಕೊಡುವುದೂ ಬಿಡುವುದೂ ನಿಮ್ಮ ಚಿತ್ತ. ಕಾವೇರಮ್ಮನನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಸುಳ್ಳು ಹೇಳಿ ಕರೆತರಲು ಮನಸ್ಸು ಬಾರದು. ವರೋಪಚಾರ, ಉಂಗುರ ಏನೂ ಬೇಡ. ಕೊಡುವ ಮನಸ್ಸಾದರೆ, ದಿಬ್ಬಣದ ಹಿಂದೆ ಎರಡು ಗಾಡಿ ಗೊಬ್ಬರ ಕಳುಹಿಸಿಕೊಡಿ.

ನಿಮ್ಮ ಹೊಲ ತಣ್ಣಗಿರಲಿ, ಒಲೆ ಆರದೆ ಬೆಳಗಲಿ ಎಂದು ಹಾರೈಸುವ,
ಗಂಗಹನುಮಯ್ಯ