ಬಣ್ಣ ಮಾತ್ರ ನಿಧಾನಕ್ಕೆ

ಆಗಸ್ಟ್ 4, ಸೋಮವಾರ. ಬೆಳಗ್ಗೆ 8.10

ಸವಣೂರು–ಶಿಗ್ಗಾಂವ ಬಸ್ಸು. ಕಿಟಕಿ ಸೀಟು ಸಿಕ್ಕಿತು. ನಮ್ಮ ಕಾಲೇಜಿನ ರಕ್ತದಾನಿಗಳ ವೆಬ್‌ಸೈಟಿಗೆ ಹೊಸ ಕಳೆ ಕೊಟ್ಟಿದ್ದೇನೆ. ರಕ್ತದ ಗುಂಪು ಒತ್ತಿದರೆ ಬೇಡದ ಹೆಸರುಗಳು ನಿಧಾನಕ್ಕೆ ಕುಗ್ಗಿ ಮಾಯ. ಉಳಿದವು ತೇಲುತ್ತ ಮೇಲೆ ಬರುತ್ತವೆ, ಒತ್ತಿದರೆ ನೇರ ಫೋನ್ ಹೋಗುತ್ತದೆ. ಬಣ್ಣ, ಎತ್ತರ, ಅಂಚು, ಅಕ್ಷರ — ಎಲ್ಲಕ್ಕೂ ಒಂದೇ ಸಾಲು ಕೋಡ್: ‘ಟ್ರಾನ್ಸಿಶನ್ ಆಲ್’, ಅಂದರೆ ಎಲ್ಲ ಬದಲಾವಣೆಯೂ ನಿಧಾನಕ್ಕೆ. ಒಂದು ಸೆಕೆಂಡ್. ಆಹಾ!

ಗೆಳತಿ ಐಶ್ವರ್ಯಳಿಗೆ ತೋರಿಸಿದೆ. ಊರೂರು ತಿರುಗಿ ದಾನಿಗಳ ಹೆಸರು ಕೂಡಿಸಿದವಳು ಅವಳೇ.

“ಚಂದ ಐತಿ ದಿಲ್ಶಾದ. ಆದ್ರ ಅವಸರದಾಗ ಇದ್ದವ್ರಿಗೆ ಈ ಕುಣಿತ ಯಾಕ ಬೇಕು?”

ಹೊಟ್ಟೆಕಿಚ್ಚು ಅಂದುಕೊಂಡೆ.

ಆಗಸ್ಟ್ 7, ಗುರುವಾರ

ಕಂಪ್ಯೂಟರ್ ಸರ್ ಇಡೀ ಕ್ಲಾಸಿನ ಮುಂದೆ ನನ್ನ ಕೆಲಸ ಹೊಗಳಿದರು. ಮನೆಗೆ ಬಂದು ಮೂರು ಸಲ ಹೇಳಿದೆ. ನಾಲ್ಕನೆಯದಕ್ಕೆ ಅಮ್ಮಿ ಎದ್ದು ಹೋದಳು.

ಆಗಸ್ಟ್ 11, ಸೋಮವಾರ. ಸಂಜೆ



ಹಾನಗಲ್ಲಿನಿಂದ ಫೋನು, ವೆಬ್‌ಸೈಟಿನಲ್ಲಿರುವ ನನ್ನ ನಂಬರಿಗೆ. ಚನ್ನೇಶ ಅಂತೆ. ಬೆಳಗ್ಗೆ ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಓ ನೆಗೆಟಿವ್ ಬೇಕಿತ್ತು. ಪಟ್ಟಿಯಲ್ಲಿ ಇದ್ದದ್ದು ಒಬ್ಬನೇ — ಅಕ್ಕಿಆಲೂರಿನ ಲೋಹಿತ.

“ಲೋಹಿತ ಅಂತ್ಲೇ ಒತ್ತಿದೆ ಮೇಡಂ. ಫೋನ್ ಹೋಗಿದ್ದು ಯಾರೋ ಅಜ್ಜಗ!”

ತಕ್ಷಣ ಹೊಳೆಯಿತು. ಅವರು ಬೆರಳಿಟ್ಟಾಗ ಹೆಸರುಗಳು ಇನ್ನೂ ಜಾರುತ್ತಿದ್ದವು. ಲೋಹಿತ ಮೇಲೆ ಸರಿದುಬಿಟ್ಟ. ಬೆರಳಿನಡಿ ಬಂದದ್ದು ದಾನಿಗಳ ಕೆಳಗೇ ಇರುವ, ತುರ್ತಿಗೆ ಗಾಡಿ ಕೊಡುವವರ ಪಟ್ಟಿಯ ಉಳಿವೆಪ್ಪಜ್ಜ. ವಯಸ್ಸು ಎಪ್ಪತ್ತು.

ಅಜ್ಜ ಅಂದರಂತೆ — “ತಮ್ಮಾ, ನನ್ನ ರಕ್ತಕ್ಕ ವಯಸ್ಸಾತು. ಜೀಪಿಗೆ ಆಗಿಲ್ಲ. ಲೋಹಿತ ನಮ್ಮ ಓಣಿಯವನ. ಕರಕೊಂಡ ಬರ್ತೇನಿ, ಧೈರ್ಯದಿಂದ ಇರು.”

ಲೋಹಿತ ಅಕ್ಕಿ ಗಿರಣಿಯ ಗದ್ದಲದಲ್ಲಿದ್ದ. ಫೋನ್ ಮಾಡಿದ್ದರೂ ಕೇಳಿಸುತ್ತಿರಲಿಲ್ಲವಂತೆ. ಅಜ್ಜ ಒಳಗೇ ನುಗ್ಗಿ ಎಳೆದುಕೊಂಡು ಹೋದರು.

ತಾಯಿ ಪಾರು. ಹೆಣ್ಣು ಕೂಸು.

ಚನ್ನೇಶ ಬೈಯಲಿಲ್ಲ, ನಗುತ್ತಿದ್ದರು. ಅದಕ್ಕೇ ನನಗೆ ಅಳು ಬಂತು. ಪ್ರತಿ ಸಲ ಉಳಿವೆಪ್ಪಜ್ಜನೇ ಸಿಗುತ್ತಾರಾ?

ಆಗಸ್ಟ್ 12, ಮಂಗಳವಾರ. ಬೆಳಗ್ಗೆ

ಕಾಲೇಜಿಗೆ ಹೋಗಲಿಲ್ಲ. ‘ಆಲ್’ ಅಳಿಸಿದೆ. ಆ ಜಾಗದಲ್ಲಿ ಹಿನ್ನೆಲೆ ಬಣ್ಣ, ಅದೊಂದೇ. ಈಗ ಬೇಡದ ಹೆಸರುಗಳು ತಟ್ಟನೆ ಹೋಗುತ್ತವೆ, ಬೇಕಾದವು ತಟ್ಟನೆ ನಿಲ್ಲುತ್ತವೆ. ಒತ್ತಿದ ಹೆಸರು ಮಾತ್ರ ಬಿಳಿಯಿಂದ ಹಸಿರಿಗೆ ನಿಧಾನವಾಗಿ ತಿರುಗುತ್ತದೆ. ಏನೂ ಜಾರುವುದಿಲ್ಲ. ಚಂದವೂ ಇದೆ!

ಅಮ್ಮಿಯ ಕೈಗೆ ಫೋನ್ ಕೊಟ್ಟು, “ಅವಸರದಾಗ ಒತ್ತು” ಅಂದೆ. ಹತ್ತು ಸಲ ಒತ್ತಿದಳು. ಹತ್ತೂ ಲೋಹಿತ. ಕೊನೆಯದನ್ನು ಕಟ್ ಮಾಡುವಷ್ಟರಲ್ಲಿ ಫೋನ್ ನಿಜವಾಗಿಯೂ ಹೋಗಿಬಿಟ್ಟಿತು...

“ಯಾರಿಗೆ ರಕ್ತ ಬೇಕ್ರೀ?” ಅತ್ತಲಿಂದ ಲೋಹಿತ.

“ಯಾರಿಗೂ ಬ್ಯಾಡಪ್ಪ,” ಅಮ್ಮಿ ಗಾಬರಿಯಲ್ಲಿ. “ನಾಷ್ಟಾ ಮಾಡಿದ್ಯಾ?”

ಐಶ್ವರ್ಯಳಿಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ ಅಂದೆ. “ಇನ್ನೊಮ್ಮೆ ಹೇಳು, ರೆಕಾರ್ಡ್ ಮಾಡ್ಕೋತೇನಿ” ಅಂದಳು.

ಆಗಸ್ಟ್ 17, ಭಾನುವಾರ. ಬೆಳಗ್ಗೆ 9

ಚನ್ನೇಶ ಅವರು ಕೂಸು ನೋಡಲು ಕರೆದಿದ್ದಾರೆ. ಉಳಿವೆಪ್ಪಜ್ಜ ತಾವೇ ಜೀಪು ತಂದಿದ್ದಾರೆ. ಹಿಂದೆ ಲೋಹಿತ, ಐಶ್ವರ್ಯ. ಅಮ್ಮಿ ಕೂಸಿನ ತಲೆಗೆ ಕುಂಚಿಗಿ ಹೊಲಿದಿದ್ದಾಳೆ, ನನಗಿಂತ ಮೊದಲು ಹತ್ತಿ ಕೂತಿದ್ದಾಳೆ.

ಹಾರನ್. ಮತ್ತೆ ಹಾರನ್.

“ಏ ಕಂಪ್ಯೂಟರಮ್ಮಾ, ಜಲ್ದಿ ಬಾ! ಕೂಸು ಶಾಲಿಗೆ ಹೋಗೂಮಟ ಬರಿತಿಯೇನ?”

ಬಂದೆ ಅಜ್ಜಾ, ಬಂದೆ. ಇದೊಂದು ಸಾಲು ಬರೆದು... ಇವತ್ತು ನನಗೆ ಎಷ್ಟು ಖುಷಿ ಅಂದರೆ—