ಮಾವನ ಕೂಪನ್ನುಗಳು

ಫೆಬ್ರವರಿ 4, ಮಂಗಳವಾರ

ಸೂಪರ್ ಮಾರ್ಕೆಟ್ಟಿನಲ್ಲಿ ಮತ್ತೆ ಕಸ್ಟಮರ್ ಸರ್ವಿಸ್ ಡೆಸ್ಕ್. ರಿಟರ್ನ್, ಜಗಳ, ರಿಟರ್ನ್. ಒಬ್ಬಾಕೆ ಅರ್ಧ ಮುಗಿದ ಶಾಂಪೂ ವಾಪಸ್ ತಂದಿದ್ದಳು — ನೊರೆ ಸಾಲದಂತೆ!

ಸಂಜೆ ಮ್ಯಾನೇಜರ್ ಒಂದು ಕವರ್ ಮುಂದಿಟ್ಟ. ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆದ ಸೋಪಿನ ಪುಡಿಯ ಕೂಪನ್ನುಗಳು. ಪ್ರತಿ ಪ್ರಿಂಟಿಗೂ ಬೇರೆ ನಂಬರ್ ಇರಬೇಕು. ಇವಕ್ಕೆಲ್ಲ ಒಂದೇ. ಅದಕ್ಕೇ ಸೋಪಿನ ಕಂಪನಿ ನಾವು ಬಿಟ್ಟ ರಿಯಾಯಿತಿಯ ದುಡ್ಡು ಕೊಡದೆ ವಾಪಸ್ ಕಳಿಸಿದೆ.

"ಯಾರೋ ಜೆರಾಕ್ಸ್ ಹೊಡೀತಿದಾರೆ. ನಮ್ಮ ಸ್ಟಾಫ್ ಯಾರಾದ್ರೂ ಸೇರ್ಕೊಂಡಿದ್ರೆ ಕೆಲಸದಿಂದ ತೆಗೀತೀನಿ. ನಿಮ್ಮ ಕಣ್ಣು ಚುರುಕು, ನೀವೇ ಹಿಡೀಬೇಕು."

ಹಿಡಿದೆ. ಅಲ್ಲೇ, ಆಗಲೇ. ಎಲ್ಲದರ ಮೇಲೂ ಅಡ್ಡಕ್ಕೆ ಒಂದು ಬಿಳಿ ಗೆರೆ. ನಮ್ಮ ಮನೆಯ ಪ್ರಿಂಟರ್ ಹಾಕುವ ಗೆರೆ. "ನೋಡ್ತೀನಿ ಸಾರ್" ಎಂದು ಕವರ್ ಮುಚ್ಚಿಟ್ಟೆ.

ಫೆಬ್ರವರಿ 5

ಅನುಮಾನವೇ ಇಲ್ಲ. ಮಾವ. ರಿಟೈರ್ ಆದ ಮೇಲೆ ಗೋಡೆ ನೋಡುತ್ತಾ ಕೂರುತ್ತಿದ್ದವರು. ಈಗ ಬೆಳಿಗ್ಗೆಯೇ ಷೇವ್, ಇಸ್ತ್ರಿ ಅಂಗಿ, ಕತ್ತರಿ, ಕೂಪನ್. ಮಂಚದ ಕೆಳಗೆಲ್ಲ ಸೋಪಿನ ಪುಡಿ. ಇಡೀ ಬೀದಿಯನ್ನೇ ಒಗೆದು ಹಾಕಬಹುದು.

"ನಿನ್ನ ಹತ್ರ ಮಾತ್ರ ಬಿಲ್ ಮಾಡಿಸಲ್ಲ ಕಣಮ್ಮ. ಸೊಸೆ ಮುಲಾಜು ಅಂತ ಯಾರೂ ಆಡ್ಕೋಬಾರ್ದು" ಎಂದರು. ನಿಯತ್ತಿನ ಮನುಷ್ಯ. ನಕಲು ತೆಗೆಯುವುದು ತಪ್ಪೆಂದೇ ಗೊತ್ತಿಲ್ಲ. ಹೇಳಹೊರಟೆ. ಅಷ್ಟರಲ್ಲಿ ನನಗೆಂದು ಟೀ ಮಾಡಿ ತಂದರು. ಕುಡಿದು ಲೋಟ ತೊಳೆದಿಟ್ಟೆ.

ಫೆಬ್ರವರಿ 9

"ನಿಮ್ಮಪ್ಪ, ನೀವೇ ಹೇಳಿ" ಅಂದೆ ಗಂಡನಿಗೆ.

"ನಾನು ಹೇಳಿದ್ರೆ ಮುಗೀತು, ಮತ್ತೆ ಗೋಡೆ ನೋಡ್ಕೊಂಡು ಕೂರ್ತಾರೆ. ನೀನೇ ನಯವಾಗಿ ಹೇಳು" ಎಂದು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡರು. ಕೆಲಸ ಹೋಗುವುದು ನನ್ನದು, ನಯವೂ ನನ್ನದೇ! ನಾಳೆ ಹೇಳುತ್ತೇನೆ. ಖಂಡಿತ.

ಫೆಬ್ರವರಿ 15

ಹೇಳಲಿಲ್ಲ. ಪ್ರಿಂಟರಿನ ವೈರ್ ಕಿತ್ತು ಬಚ್ಚಿಟ್ಟೆ. ಮಾವ ಹೊಸದು ತಂದರು. "ಇಲಿ ಎತ್ಕೊಂಡು ಹೋಗಿರ್ಬೇಕು" ಎಂದರು. ಇಲಿ ತೆಪ್ಪಗೆ ಪಾತ್ರೆ ತೊಳೆಯಿತು.

ಫೆಬ್ರವರಿ 17, ಸಂಜೆ, ಬಸ್ ಸ್ಟಾಪ್

ಬಸ್ ಹತ್ತಲಿಲ್ಲ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಕೊನೆಯ ಕೌಂಟರಿನ ಹುಡುಗಿಗೆ ತಲೆಸುತ್ತು. ಅವಳ ಜಾಗಕ್ಕೆ ನನ್ನನ್ನು ಕೂರಿಸಿದರು. ಸಾಲಿನಲ್ಲಿ ಮೊದಲಿಗೇ ಮಾವ. ಕೈಯಲ್ಲಿ ಕೂಪನ್. ನನ್ನ ಬೆನ್ನ ಹಿಂದೆ ಮ್ಯಾನೇಜರ್.

ಮಾವನ ಮುಖ ಅರಳಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಅಂದೆ: "ಇದು ಜೆರಾಕ್ಸು. ತಗೊಳ್ಳಕ್ಕಾಗಲ್ಲ."

ನನ್ನದೇ ದನಿಯಾ ಅದು?

ಮ್ಯಾನೇಜರ್ ಮುಂದೆ ಬಾಗಿದ. "ಓಹೋ, ನೀವೇನಾ! ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ? ಇಲ್ಲಿ ನಿಮಗೆ ಯಾರು ಗೊತ್ತು? ಯಾರು ಪಾಸ್ ಮಾಡ್ಕೊಡ್ತಿದ್ರು?"

ಮಾವ ನನ್ನನ್ನು ನೋಡಿದರು. ಆಮೇಲೆ ನನ್ನ ಕೊರಳಿನ ಬ್ಯಾಡ್ಜ್ ನೋಡಿದರು, ಹೆಸರು ಓದುವವರ ಹಾಗೆ.

"ಯಾರೂ ಗೊತ್ತಿಲ್ಲ ಸಾರ್. ನನಗೆ ತಿಳೀಲಿಲ್ಲ, ತಪ್ಪಾಯ್ತು. ಸಾರಿ ಮೇಡಮ್."

ನನಗೆ. ಮೇಡಮ್.

ನಾನು "ನೆಕ್ಸ್ಟ್" ಎಂದು ಕೂಗಿದೆ. ಮಾವ ಪ್ಯಾಕೆಟ್ಟುಗಳನ್ನು ಶೆಲ್ಫಿನಲ್ಲಿ ನೀಟಾಗಿ ಜೋಡಿಸಿಟ್ಟು ಹೋದರು. ಮ್ಯಾನೇಜರ್ "ವೆರಿ ಗುಡ್" ಅಂದ. ವೆರಿ ಗುಡ್ಡಂತೆ!

ಬಸ್ಸುಗಳು ಬಂದು ಹೋಗುತ್ತಿವೆ. ಮನೆಗೆ ಹೋಗಲು ಮುಖವಿಲ್ಲ.

ಫೋನ್... ಮಾವನದೇ. ಎತ್ತುತ್ತೇನೆ. ಈ ಸಲ ಸಾರಿ ಎನ್ನುವುದು ಅವರಿಗಿಂತ ಮೊದಲು ನಾನೇ —