ಅವ್ವನ ಖುರ್ಚಿ

ಚೌಡಾಪುರ, ತಾ. ಅಫಜಲಪುರ
೨೩ ನವೆಂಬರ್ ೨೦೨೫, ರವಿವಾರ

………… ಅವ್ವಾ,

ಮೇಲೆ 'ಪ್ರೀತಿಯ' ಅಂತ ಬರೆಯಬೇಕು, ಗೊತ್ತು. ಸಿಟ್ಟು ಇಳಿದರೆ ಬರೆಯುತ್ತೇನೆ ಅಂತ ಜಾಗ ಬಿಟ್ಟಿದ್ದೇನೆ.

ನಿನ್ನ ಮೊಣಕಾಲು ಹೇಗಿದೆ? ಪುಣೆಯಲ್ಲಿ ಈಗ ಥಂಡಿ ಬಿದ್ದಿರಬೇಕು. ಆ ಬಿಲ್ಡಿಂಗಿನ ಲಿಫ್ಟಿನಲ್ಲಿ ಕೆಲಸದವರನ್ನು ಬಿಡುತ್ತಾರೋ, ಇನ್ನೂ ಮೆಟ್ಟಿಲು ಹತ್ತಿಸುತ್ತಾರೋ ಅಂತ ಆಯಿ ಕೇಳುತ್ತಿದ್ದಾಳೆ. ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಬೇಕಂತೆ. ನಿನ್ನ ತಾಯಿ ನಿನ್ನ ಹಾಗೇ. ತನ್ನ ಸೊಂಟ ಹಿಡಿದುಕೊಂಡೇ ಊರವರ ನೋವು ವಿಚಾರಿಸುತ್ತಾಳೆ. ತಂಗಿ ಸಪ್ನಾ ಆರಾಮ ಇದ್ದಾಳೆ, ಐದನೇ ಇಯತ್ತೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಓದುತ್ತಾಳೆ. ನಾನು ಆರಾಮ ಇಲ್ಲ, ಅದಕ್ಕೇ ಈ ಕಾಗದ. ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀ. ಫೋನ್ ಬಂದರೆ ಸಪ್ನಾನೇ ಎತ್ತುತ್ತಾಳೆ, ಇಡುವ ತನಕ ಕಿವಿ ಬಿಡುವುದಿಲ್ಲ. ನಾನು ಹೊರಗಿನಿಂದ ಮಾಡಿದರೆ ನೀನು ಅಲ್ಲಿ ನೋಡಿಕೊಳ್ಳುವ ಆ ಮನೆಯವರ ಕೂಸಿನ ನೆಪ ತೆಗೆದು, "ಕೂಸು ಎದ್ದದಪಾ, ಇಡ್ತೇನಿ" ಅಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಒಂಬತ್ತನೇ ಇಯತ್ತೆ ಬಿಟ್ಟವನ ಅಕ್ಷರ ಸೊಟ್ಟ ಇರುತ್ತದೆ. ನಡೆದದ್ದನ್ನು ನೆಟ್ಟಗೇ ಹೇಳುತ್ತೇನೆ.

ನಮ್ಮ ಕಡೆ ಮಕ್ಕಳ ಸಿನಿಮಾ ಹಬ್ಬ ಬಂದಿದೆ. ಆಳಂದದಲ್ಲಿ ಮುಗಿಸಿ ನಮ್ಮೂರಿಗೆ ಬಂದರು, ಇನ್ನು ಜೇವರ್ಗಿಗೆ ಹೋಗುತ್ತಾರೆ. ಬೇರೆ ಬೇರೆ ದೇಶದ ಮಕ್ಕಳ ಸಿನಿಮಾ ತಂದು ಶಾಲೆಯಲ್ಲಿ ತೋರಿಸಿ, ಆಮೇಲೆ ಮಕ್ಕಳ ಜೊತೆ ಮಾತಾಡುವುದು, ಇಷ್ಟೇ ಅಂತೆ ಅವರ ಕೆಲಸ. ಇದಕ್ಕಾಗಿಯೇ ಓದಿ, ಇದಕ್ಕಾಗಿಯೇ ಪಗಾರ ತೆಗೆದುಕೊಳ್ಳುವ ಮಂದಿ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಕರೀಮಸಾಬನ ಆಟೋದಲ್ಲಿ ಮೈಕು ಹಿಡಿದು ಸೀರೆ ಸೇಲು, ಉರುಸು, ಸತ್ತವರ ಸುದ್ದಿ ಎಲ್ಲ ಕೂಗುತ್ತೇನಲ್ಲ, ಹಾಗೆ ಇವರದನ್ನೂ ಕೂಗಲು ಕರೆದರು. ಟಿಕೆಟ್ ಇಲ್ಲ, ಏನೂ ಮಾರುವುದಿಲ್ಲ ಅಂದಾಗಲೇ ಕರೀಮಸಾಬ ನನ್ನ ಕಡೆ ನೋಡಿ, "ಲೇ ಅನೀಲ, ಮುಫತ್ ಅಂದ್ರ ಜರಾ ಹುಷಾರ್ ಇರಬೇಕೋ. ಇಲಿಗೂ ಬೋನಿನಾಗ ರೊಟ್ಟಿ ಮುಫತ್ತೇ ಸಿಗತದ" ಅಂದ. ನನಗೂ ಹಾಗೇ ಅನ್ನಿಸಿತು. ಮುಂದೆ ಟ್ಯೂಷನ್ ಮಾರುತ್ತಾರೋ, ನಮ್ಮ ಹುಡುಗರ ಹರಕು ಅಂಗಿ ಫೋಟೋ ಹಿಡಿದು ಎಲ್ಲಿಯಾದರೂ ಕಳಿಸುತ್ತಾರೋ, ನೋಡಿಯೇ ಬಿಡುತ್ತೇನೆ ಅಂದುಕೊಂಡೆ.

ಅವರಿಗೆ ದೊಡ್ಡಾಕೆ ಖಮರ ಮೇಡಂ ಅಂತ. ಕಲಬುರಗಿಯವಳೇ, ಆದರೆ ಯಾವ್ಯಾವುದೋ ದೇಶಗಳ ಮಕ್ಕಳ ಸಿನಿಮಾ ಹಬ್ಬಗಳಲ್ಲಿ ಕೆಲಸ ಮಾಡಿದ್ದಾಳೆ. ಆಕೆಯ ಮೇಲೆ ನನಗೆ ಗುಮಾನಿ ಬಂದದ್ದು ಎರಡು ಕಾರಣಕ್ಕೆ. ಒಂದು, ಬಂದವಳೇ ಚಂದಮ್ಮ ಟೀಚರಿಗೆ, "ಯಾರ್ ಯಾರ ಮನ್ಯಾಗ ಅವ್ವ ಅಪ್ಪ ದುಡೀಲಿಕ್ಕ ಹೊರಗ ಹೋಗ್ಯಾರ್ರಿ?" ಅಂತ ಕೇಳಿದಳು. ನಮ್ಮ ಮನೆಯಲ್ಲಿ ಯಾರಿಲ್ಲ ಅನ್ನುವುದು ಆಕೆಗೆ ಯಾಕೆ ಬೇಕು? ಇನ್ನೊಂದು, ಸಿನಿಮಾ ಶುರುವಾದರೆ ಆಕೆ ಸಿನಿಮಾ ನೋಡುವುದೇ ಇಲ್ಲ. ಪರದೆಗೆ ಬೆನ್ನು ಕೊಟ್ಟು, ಮಕ್ಕಳ ಕಡೆ ಮುಖ ಮಾಡಿ, ಕತ್ತಲಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂರುತ್ತಾಳೆ. ಪರದೆಯ ಬೆಳಕಲ್ಲಿ ಯಾವ ಹುಡುಗ ನಗುತ್ತಾನೆ, ಯಾವ ಹುಡುಗಿ ಮಿಸುಕಾಡುತ್ತಾಳೆ, ಯಾರು ಪಕ್ಕದವರ ಕೈ ಹಿಡಿಯುತ್ತಾರೆ, ಅದನ್ನೇ ನೋಡುತ್ತಾಳೆ. ಆಯಿಗೆ ಹೇಳಿದರೆ ಆಕೆ ಕಣ್ಣು ದೊಡ್ಡದು ಮಾಡಿ, "ಎಪ್ಪಾ, ದೃಷ್ಟಿ ಹಾಕಾಕ ಬಂದಾಳೇನೋ! ಸಪ್ನಾಗ ಒಂದ್ ಕರೀ ಬೊಟ್ಟ ಇಟ್ಟ ಕಳಸ್ತೇನಿ" ಅಂದಳು, ಇಟ್ಟೂ ಕಳಿಸಿದಳು.

ಸಿನಿಮಾ ಪರದೇಶದ್ದು, ಆ ಮಾತು ನಮಗೆ ತಿಳಿಯುವುದಿಲ್ಲ. ಕೆಳಗೆ ಅಕ್ಷರ ಹಾಕಿದರೆ ಸಣ್ಣ ಮಕ್ಕಳು ಓದುವುದರೊಳಗೆ ಓಡಿಹೋಗುತ್ತವೆ. ಅದಕ್ಕೆ ಅವರು ಒಬ್ಬರನ್ನು ಹಿಂದೆ ಕೂರಿಸಿ, ಕೈಯಲ್ಲಿ ಕನ್ನಡ ಹಾಳೆ ಕೊಟ್ಟು, ಸಿನಿಮಾ ನಡೆಯುವಾಗಲೇ ಎಲ್ಲರ ಮಾತನ್ನೂ ಮೈಕಿನಲ್ಲಿ ಓದಿಸುತ್ತಾರೆ. ಅಜ್ಜನೂ ಅವನೇ, ಹುಡುಗಿಯೂ ಅವನೇ, ಬಾತುಕೋಳಿಯೂ ಅವನೇ. ಧಾರವಾಡದಿಂದ ಬಂದಿದ್ದ ಹುಡುಗ ಆಳಂದದ ರಸ್ತೆ ಧೂಳಿಗೆ ಗಂಟಲು ಕಟ್ಟಿ ಮಲಗಿದ. ಶುಕ್ರವಾರ ಬೆಳಿಗ್ಗೆ ಖಮರ ಮೇಡಂ ನನ್ನನ್ನು ಕರೆದು, "ನಿನ್ನ ಧ್ವನಿ ಆಟೋದಾಗ ಕೇಳೇನಿ. ಇವತ್ತ ನೀನೇ ಓದು" ಅಂದಳು. "ಸತ್ತೋರ ಸುದ್ದಿ ಹೇಳೋ ಬಾಯ್ರಿ ಇದು, ಹುಡುಗ್ರು ಅಂಜತಾವ" ಅಂದೆ. ನಗಲಿಲ್ಲ ಆಕೆ. "ಹಾಳ್ಯಾಗ ಇದ್ದಷ್ಟೇ ಓದ್ಬೇಕು. ಬೇಕಾರ ನಮ್ಮ ಮಾತಿನಾಗ ಹೇಳು. ಅರ್ಥ ಮಾತ್ರ ಬದಲ ಮಾಡಂಗಿಲ್ಲ" ಅಂದಳು. ನಾನು ಒಪ್ಪಿದ್ದು ಯಾಕೆ ಗೊತ್ತಾ? ಒಳಗೆ ಕೂತರೆ ಇವರ ಆಟ ತಿಳಿಯುತ್ತದೆ ಅಂತ.

ಶಾಲೆಯ ಕಿಟಕಿಗೆಲ್ಲ ತಾಡಪತ್ರಿ ಕಟ್ಟಿ ಹಗಲಲ್ಲೇ ಕತ್ತಲು ಮಾಡಿದ್ದರು. ಸಪ್ನಾ ಮುಂದಿನ ಸಾಲಿನಲ್ಲಿ, ಕರೀ ಬೊಟ್ಟಿನ ಜೊತೆ. ಸಿನಿಮಾದಲ್ಲಿ ಒಂದು ಹುಡುಗಿ, ಸಪ್ನಾಳಷ್ಟೇ ವಯಸ್ಸು. ಹಿಮ ಬೀಳುವ ಊರು, ಬಂದರಿನ ಹತ್ತಿರ ಮನೆ, ಅಜ್ಜ, ಬಾತುಕೋಳಿ. ಅವಳ ಅವ್ವ ದೂರದಲ್ಲಿ ಮೀನಿನ ಹಡಗಿನ ಮೇಲೆ ಅಡುಗೆ ಮಾಡುತ್ತಾಳೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಊಟದ ಮೇಜಿಗೆ ಅವ್ವನದೊಂದು ಖುರ್ಚಿ, ಹುಡುಗಿ ದಿನಾ ಅದನ್ನು ಒರೆಸುತ್ತಾಳೆ. ಬಾತುಕೋಳಿ ಅಜ್ಜನ ಟೊಪ್ಪಿಗೆ ಕದ್ದಾಗ ನಾನು ಅಜ್ಜನ ಬಾಯಿಗೂ ಕೋಳಿಯ ಬಾಯಿಗೂ ಬೈಗುಳ ಸೇರಿಸಿ ಓದಿದೆ, ಮಕ್ಕಳು ಬಿದ್ದು ಬಿದ್ದು ನಕ್ಕರು. ಸುಳ್ಳು ಯಾಕೆ, ನನಗೂ ಖುಷಿಯಾಯಿತು.

ಕೊನೆಗೆ ಆ ಫೋನ್ ಬರುತ್ತದೆ. ಹಾಳೆಯಲ್ಲಿ ಅವ್ವ ಹೇಳುವುದು ಹೀಗಿತ್ತು: 'ಈ ಚಳಿಗಾಲಕ್ಕೆ ನಾನು ಬರುವುದಿಲ್ಲ. ಯಾವಾಗ ಬರುತ್ತೇನೆ ನನಗೇ ಗೊತ್ತಿಲ್ಲ. ನನಗಾಗಿ ಬಂದರಿಗೆ ಹೋಗಿ ನಿಲ್ಲಬೇಡ ಮಗಳೇ.' ಬೆಳಿಗ್ಗೆ ಒಮ್ಮೆ ಓದಿದ್ದೆ. ಆಗ ಏನೂ ಅನ್ನಿಸಿರಲಿಲ್ಲ. ಆದರೆ ಆ ಹೊತ್ತಿಗೆ ಮುಂದಿನ ಸಾಲಿನಲ್ಲಿ ಸಪ್ನಾಳ ಎರಡು ಜಡೆ ಕಂಡವು. ದೀಪಾವಳಿಯ ದಿನ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೊಸ ರಿಬ್ಬನ್ ಕಟ್ಟಿಕೊಂಡು ನಿನ್ನ ದಾರಿ ಕಾಯುತ್ತ ನಿಂತಿದ್ದಳು, ಅದೇ ಜಡೆ. ನನ್ನ ಬಾಯಿಂದ ಬಂದದ್ದು ಬೇರೆ. "ಬರ್ತೇನವಾ, ಹಬ್ಬಕ್ಕ ಬಂದೇ ಬರ್ತೇನಿ. ನೀ ಅಳಬ್ಯಾಡ" ಅಂದುಬಿಟ್ಟೆ. ಥೇಟ್ ನೀನು ಹೇಳುವ ಹಾಗೆ.

ಪರದೆಯ ಮೇಲಿನ ಹುಡುಗಿ ನನ್ನ ಮಾತು ಕೇಳಲಿಲ್ಲ. ಫೋನ್ ಇಟ್ಟಳು. ಅವ್ವನ ಖುರ್ಚಿ ಎತ್ತಿಕೊಂಡು ಹಿತ್ತಲಿನ ಕೊಟ್ಟಿಗೆಯಲ್ಲಿ ಇಟ್ಟು ಬಂದು, ಅಜ್ಜನಿಗೆ ಊಟ ಬಡಿಸಿದಳು. ಎಲ್ಲ ಮಕ್ಕಳೂ ಅದನ್ನು ನೋಡುತ್ತಿದ್ದರು. ಸಪ್ನಾ ಒಬ್ಬಳು ಹಿಂದೆ ತಿರುಗಿ ನನ್ನನ್ನು ನೋಡುತ್ತಿದ್ದಳು. ಖಮರ ಮೇಡಂ ಅವಳನ್ನು ನೋಡುತ್ತಿದ್ದಳು.

ಸಿನಿಮಾ ಮುಗಿದ ಮೇಲೆ ದೊಡ್ಡವರು ಬಾಯಿ ಮುಚ್ಚಿಕೊಂಡು ಕೂರಬೇಕು, ಮಕ್ಕಳೇ ಮಾತಾಡಬೇಕು, ಇದು ಅವರ ಕಾನೂನು. 'ಇದರಿಂದ ಏನು ಕಲಿತಿರಿ' ಅಂತ ಕೇಳಲು ಹೋದ ಹೆಡ್ ಮಾಸ್ತರರನ್ನೇ ಕೂರಿಸಿಬಿಟ್ಟರು, ಅದೊಂದು ನನಗೆ ಸೇರಿತು. ಕರೀಮಸಾಬನ ಮೊಮ್ಮಗ ಅಮೀರ ಎದ್ದು ನಿಂತ. "ಅವ್ವ ಬರ್ತೇನಿ ಅಂದ್ಲಲ್ರಿ, ಮತ್ತ ಖುರ್ಚಿ ಯಾಕ ಒಯ್ದಿಟ್ಲು? ಆ ಹುಡುಗಿಗಿ ತಲಿ ಇಲ್ಲೇನು?" ಅಂದ. ಎಲ್ಲರೂ ನಕ್ಕರು. ನನಗೆ ಮೈಕು ಕೈಯಲ್ಲಿ ಸುಟ್ಟಂತಾಯಿತು. ಆಗ ಸಪ್ನಾ ಕೂತಲ್ಲಿಂದಲೇ, ತಿರುಗಿ ಕೂಡ ನೋಡದೆ, "ತಲಿ ನಿನಗಿಲ್ಲ ಬಿಡೋ. ಬರ್ತೇನಿ ಅಂದ್ರ ಬರಂಗಿಲ್ಲ ಅಂತ ಆಕಿಗಿ ಗೊತ್ತಾಗೇದ" ಅಂದಳು. ಹಿಂದಿನ ಸಾಲಿನಲ್ಲಿ ಕಬ್ಬು ಕಡಿಯಲು ಹೋದವರ ಮಕ್ಕಳು ಕೂತಿದ್ದರು. ಅವರಲ್ಲಿ ಒಬ್ಬ, "ಹೌದು, ನಮ್ಮಪ್ಪನೂ ಹಂಗೇ" ಅಂದ. ಇನ್ನೊಬ್ಬಳು "ನಮ್ಮವ್ವನೂ" ಅಂದಳು.

ಹೊರಗೆ ಬೇವಿನ ಗಿಡದ ಕೆಳಗೆ ಖಮರ ಮೇಡಂ ನನ್ನನ್ನು ಹಿಡಿದಳು. "ಬದಲ ಯಾಕ ಮಾಡ್ದಿ?" ಅಂದಳು. ನಾನೂ ಬಿಡಲಿಲ್ಲ ಅವ್ವಾ. "ಯಾರ ಮನ್ಯಾಗ ಯಾರಿಲ್ಲ ಅಂತ ಕೇಳ್ಕೊಂಡು, ಅಂಥಾದ್ದೇ ಸಿನಿಮಾ ಹುಡಿಕಿ ತಂದೀರಿ. ಸಣ್ಣ ಮಕ್ಕಳನ್ನ ಅಳ್ಸಿ ಏನ್ ಸಿಗತದ ನಿಮಗ?" ಅಂತ ಕೂಗಿದೆ. ಕರೀಮಸಾಬ ಆಟೋ ಬಿಟ್ಟು ಓಡಿ ಬಂದ. ಆಕೆ ಹೆದರಲಿಲ್ಲ. "ಹೌದು, ಕೇಳ್ಕೊಂಡೇ ತಂದೇನಿ. ಈ ಹುಡುಗ್ರು ಒಂದೊಂದೂ ಹಿಂಗಾಗಿದ್ದು ನಮ್ಮ ಮನ್ಯಾಗ ಅಷ್ಟೇ ಅಂತ ತಿಳ್ಕೊಂಡು ಕುಂತಾವ. ಯಾರಾರ ಅತ್ತಾರೇನು? ನೀ ನೋಡಿಲ್ಲ, ನಾ ನೋಡೇನಿ. ಅಳೋಹಂಗ ಆಗಿದ್ದು ನಿನ್ನ ತಂಗಿ ಒಬ್ಬಾಕಿಗೇ, ಅದೂ ನಿನ್ನ ಮಾತಿಗೆ" ಅಂದಳು. ಆಕೆಯ ಮೇಲೆ ನನಗಿನ್ನೂ ಪೂರ್ತಿ ನಂಬಿಕೆ ಇಲ್ಲ. ಇಷ್ಟು ದೂರ ಬಂದು ಪರರ ಮಕ್ಕಳ ಮುಖ ನೋಡುವವರನ್ನು ಒಮ್ಮೆಲೇ ನಂಬಲು ನಾನೇನು ಹುಚ್ಚನಲ್ಲ. ಆದರೆ ಆ ದಿನದಿಂದ ನನ್ನ ಗುಮಾನಿ ನಿನ್ನ ಕಡೆ ತಿರುಗಿದೆ.

ಪಂಚಮಿಗೆ ಬರುತ್ತೇನೆ ಅಂದಿ. ದಸರಾಕ್ಕೆ ಅಂದಿ. ದೀಪಾವಳಿಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಅಂದಿ. ಅದೇ ದಿನ ಅದೇ ಪುಣೆ ಬಸ್ಸಿನಲ್ಲಿ ಕರೀಮಸಾಬನ ಅಳಿಯ ಮಸೂದ ಬಂದ, ಅರ್ಧ ಬಸ್ಸು ಖಾಲಿ ಇತ್ತು, ಕಾಲು ಚಾಚಿ ಮಲಗಿ ಬಂದೆ ಅಂದ. ಅವನು ಹಾಗೆ ಹೇಳುವಾಗ ಸಪ್ನಾ ಮುಂದೆಯೇ ನಿಂತಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ, ನಾನು ಅವಳ ಕಡೆ ನೋಡಲಿಲ್ಲ. ನೀನು ಯಾಕೆ ಬರುತ್ತಿಲ್ಲ? ಆ ಮನೆಯವರು ಬಿಡುವುದಿಲ್ಲವೋ, ನಿನಗೇ ಆ ಕೂಸನ್ನು ಬಿಡಲು ಮನಸ್ಸಿಲ್ಲವೋ? ಫೋನಿನಲ್ಲಿ ಆ ಕೂಸು ನಿನ್ನನ್ನು 'ಮಾವಶಿ, ಮಾವಶಿ' ಅಂತ ಸ್ವಂತ ಚಿಕ್ಕವ್ವನ ಹಾಗೆ ಕರೆಯುವುದು ಸಪ್ನಾಗೂ ಕೇಳುತ್ತದೆ. ಅಪ್ಪ ಸತ್ತ ಮನೆ ನಿನಗೆ ಬೇಡವಾಗಿದ್ದರೆ ಹಾಗಂತಾದರೂ ಹೇಳು. ನನಗೆ ಹೇಳು, ನಾನು ಬೈಯುತ್ತೇನೆ, ಬೈದು ಸುಮ್ಮನಾಗುತ್ತೇನೆ. ನೀನು ಅಲ್ಲಿ ಮೈ ಮುರಿದು ದುಡಿಯುವುದು ನನಗೆ ಗೊತ್ತಿಲ್ಲದ್ದಲ್ಲ. ಹೋದದ್ದಕ್ಕೆ ನನಗೆ ಸಿಟ್ಟಿಲ್ಲ ಅವ್ವಾ. ಬರುತ್ತೇನೆ ಅನ್ನುತ್ತೀಯಲ್ಲ, ಅದಕ್ಕೆ ಸಿಟ್ಟು.

ಆಯಿ ಆಶೀರ್ವಾದ ಬರೆಸಿದ್ದಾಳೆ, ಮೊಣಕಾಲಿಗೆ ಎಣ್ಣೆ ಅಂತ ಮತ್ತೊಮ್ಮೆ ಬರೆಸಿದ್ದಾಳೆ. ಕರೀಮಸಾಬ ಸಲಾಂ ಹೇಳಿದ್ದಾನೆ. ಆ ಕೂಸಿಗೂ ಒಳ್ಳೆಯದಾಗಲಿ, ಅದರದೇನು ತಪ್ಪು. ಮೇಲೆ ಬಿಟ್ಟ ಜಾಗ ಇನ್ನೂ ಖಾಲಿಯೇ ಇದೆ, ಬೇಕಾದರೆ ನೀನೇ ತುಂಬಿಕೋ.

ನಿನ್ನ ಮಗ
ಅನೀಲಕುಮಾರ

ತಾ.ಕ.: ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ, ಆಟೋ ಹೊರಗೆ ನಿಂತಿದೆ. ಬರುವ ರವಿವಾರ ಜೇವರ್ಗಿಯಲ್ಲಿ ಅದೇ ಸಿನಿಮಾ. ಖಮರ ಮೇಡಂ ನನ್ನನ್ನೇ ಓದಲು ಕರೆದಿದ್ದಾಳೆ, ಇದ್ದದ್ದು ಇದ್ದಂತೆ ಓದುವ ಕರಾರಿನ ಮೇಲೆ. ಸಪ್ನಾ ತಾನೇ ಹೋಗಿ ಆಕೆಯನ್ನು ಕೇಳಿ, ಸಿನಿಮಾದ ಅವ್ವನ ಮಾತು ತಾನು ಓದುತ್ತೇನೆ ಅಂತ ಹಾಳೆ ತಂದಿದ್ದಾಳೆ. ಹುಡುಗಿಯದಲ್ಲ, ಅವ್ವನದೇ ಬೇಕಂತೆ. "ಅಣ್ಣಾ, ನೀ ಸುಳ್ಳ ಹೇಳ್ತಿ, ನಿನಗ ಬರಂಗಿಲ್ಲ" ಅಂದಳು. ಈಗಲೂ ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತು ಹೇಳಿಕೊಳ್ಳುತ್ತಿದ್ದಾಳೆ, ಅಳುವುದಿಲ್ಲ, ನಿನ್ನ ಧ್ವನಿಯನ್ನೇ ಹಿಡಿದಿದ್ದಾಳೆ: "ಈ ಚಳಿಗಾಲಕ್ಕ ನಾ ಬರಂಗಿಲ್ಲವಾ. ನನ್ನ ಸಲುವಾಗಿ ಹೋಗಿ ನಿಂದರಬ್ಯಾಡ." ಆಯಿ ಕೇಳಲಾರದೆ ಹೊರಗೆ ಹೋಗಿ ಕೂತಳು. ಮುಂದಿನ ಫೋನಿನಲ್ಲಿ ನೀನು ಎಳ್ಳ ಅಮಾಸಿಯ ಹಬ್ಬಕ್ಕೆ ಬರುವ ಮಾತು ತೆಗೆಯುತ್ತೀ, ನನಗೆ ಗೊತ್ತು. ತೆಗೆಯಬೇಡ. ಬರುವುದಾದರೆ ಹೇಳದೇ ಬಸ್ಸು ಹತ್ತಿ ಬಾ. ಬರದಿದ್ದರೆ ಬರಂಗಿಲ್ಲ ಅಂತ ನೀನೇ ಅವಳಿಗೆ ಹೇಳು. ಆ ಮಾತು ಹೇಗೆ ಹೇಳಬೇಕು ಅಂತ ನಿನಗೆ ತಿಳಿಯದಿದ್ದರೆ, ಅವಳನ್ನೇ ಕೇಳು. ಅವಳಿಗೆ ಬಾಯಿಪಾಠ ಆಗಿದೆ.